1927ರ ಕಡತ: ಅಲ್-ಜವಾಹಿರಿಯವರ ಪರವಾಸ ಎಲ್ಲಿಂದ ಮೊದಲಾಯಿತು?

ಇರಾಕಿನ ಕವಿ ಮುಹಮ್ಮದ್ ಮಹದಿ ಅಲ್-ಜವಾಹಿರಿಯವರ ಜೀವನವನ್ನು ಬರೆದವರಲ್ಲಿ ಹೆಚ್ಚಿನವರು ಅವರ ಪರವಾಸವನ್ನು 1961ರಿಂದ ಲೆಕ್ಕ ಹಾಕುತ್ತಾರೆ. ಅಬ್ದುಲ್ ಕರೀಮ್ ಕಾಸಿಮರ ಸರ್ಕಾರದೊಡನೆ ವಿರಸ, ಬೈರೂತ್ ಮಾರ್ಗವಾಗಿ ಪ್ರಾಗ್, ಅಲ್ಲಿ ಏಳು ವರ್ಷ. 1968ರಲ್ಲಿ ಮರಳಿದ್ದು, 1980ರಲ್ಲಿ ಕೊನೆಯ ಬಾರಿಗೆ ಬಗ್ದಾದ್ ಬಿಟ್ಟದ್ದು, 1997ರ ಜುಲೈ 27ರಂದು ದಮಾಸ್ಕಸ್ಸಿನಲ್ಲಿ ತೀರಿಕೊಂಡದ್ದು. ಈ ಕ್ರಮದಲ್ಲಿ ಒಂದು ಅಧ್ಯಾಯ ಬಿಟ್ಟುಹೋಗಿದೆ, ಅದೂ ಮೊದಲನೆಯದು. 1927ರ ಪ್ರಕರಣ ಗೊತ್ತಿಲ್ಲದವರಿಲ್ಲ. ಆದರೆ ತರುಣ ಕವಿಯೊಬ್ಬನ ನೌಕರಿಯ ತಂಟೆಯೆಂದು ಅದನ್ನು ಅಡಿಟಿಪ್ಪಣಿಗೆ ತಳ್ಳುವುದೇ ರೂಢಿ. ಹಾಗೆ ತಳ್ಳುವವರು, ಕವಿಯನ್ನು ಆಗ ಕೆಲಸದಿಂದ ತೆಗೆದ ಅಧಿಕಾರಿ ಸಾತಿ ಅಲ್-ಹುಸ್ರಿಯವರ ಸ್ಮರಣೆಗಳನ್ನು ನೆಚ್ಚಿಕೊಂಡವರು. ಆ ಸಾಕ್ಷ್ಯವನ್ನು ಪಾಟೀಸವಾಲಿಗೆ ಒಳಪಡಿಸದೆ ಒಪ್ಪಿದ್ದು ಸರಿಯಲ್ಲ ಎಂಬುದು ನನ್ನ ವಾದ.

ತಕರಾರಿಲ್ಲದ ಸಂಗತಿಗಳನ್ನು ಮೊದಲು ಬೇರ್ಪಡಿಸಿಕೊಳ್ಳೋಣ. ನಜಫಿನಿಂದ ಬಂದ ಕವಿಗೆ 1927ರಲ್ಲಿ ಶಾಲಾ ಅಧ್ಯಾಪಕನ ಕೆಲಸ ಸಿಕ್ಕಿತು. ಶಿಕ್ಷಣ ಇಲಾಖೆಯ ಮಹಾ ನಿರ್ದೇಶಕರಾಗಿದ್ದ ಅಲ್-ಹುಸ್ರಿ ಕವಿಯನ್ನು ವಜಾ ಮಾಡಿದರು. ಶಿಕ್ಷಣ ಮಂತ್ರಿ ಸಯ್ಯಿದ್ ಅಬ್ದುಲ್ ಮಹದಿ ಕವಿಯ ಬೆನ್ನಿಗೆ ನಿಂತರು. ವ್ಯಾಜ್ಯ ದೊರೆ ಮೊದಲನೆಯ ಫೈಸಲರವರೆಗೆ ಹೋಯಿತು. ದೊರೆ ಕವಿಯನ್ನು ತಮ್ಮ ಆಸ್ಥಾನದ ಶಿಷ್ಟಾಚಾರ ವಿಭಾಗಕ್ಕೇ ಸೇರಿಸಿಕೊಂಡರು. ಇಷ್ಟನ್ನು 1967ರಲ್ಲಿ ಮೊದಲ ಸಂಪುಟ ಪ್ರಕಟವಾದ ಅಲ್-ಹುಸ್ರಿಯವರ ‘ಇರಾಕಿನಲ್ಲಿ ನನ್ನ ಸ್ಮರಣೆಗಳು’ ಹೇಳುತ್ತದೆ. 1988ರಲ್ಲಿ ಬಂದ ಕವಿಯ ‘ನನ್ನ ನೆನಪುಗಳು’ ಕೂಡ ಹೇಳುತ್ತದೆ. ಪರಸ್ಪರ ಮುಖ ನೋಡಲೊಲ್ಲದ ಇಬ್ಬರು ಒಂದೇ ಮಾತು ಹೇಳಿದರೆ ಅಷ್ಟರ ಮಟ್ಟಿಗೆ ನಂಬಬಹುದು. ಉಳಿದದ್ದಕ್ಕೆ ಪುರಾವೆ ಬೇಕು. (ಒಂದು ಘಟನೆಯಾದ ನಲವತ್ತು ವರ್ಷಕ್ಕೆ ಬಂದ ಪುಸ್ತಕ, ಇನ್ನೊಂದು ಅರವತ್ತು ವರ್ಷಕ್ಕೆ ಬಂದದ್ದು. ಮೊದಲನೆಯದನ್ನು ‘ದಾಖಲೆ’ ಎಂದೂ ಎರಡನೆಯದನ್ನು ‘ಮುದುಕನ ಕೋಪ’ ಎಂದೂ ಕರೆಯುವವರು ಈ ಭೇದಕ್ಕೆ ಆಧಾರವೇನೆಂದು ಹೇಳುವುದಿಲ್ಲ.)

ಅಲ್-ಹುಸ್ರಿಯವರ ಆರೋಪಕ್ಕೆ ಎರಡು ಕಾಲು: ರಾಷ್ಟ್ರೀಯತೆ ಒಂದು, ಕವಿತೆ ಇನ್ನೊಂದು. ಮೊದಲನೆಯದು ಕಾನೂನಿನ ವಿಷಯ. 1924ರ 42ನೆಯ ಸಂಖ್ಯೆಯ ರಾಷ್ಟ್ರೀಯತಾ ಕಾನೂನಿನ ಪ್ರಕಾರ, ಆ ವರ್ಷದ ಆಗಸ್ಟ್ 6ರಂದು ಇರಾಕಿನಲ್ಲಿ ನೆಲೆಸಿದ್ದ ಒಟ್ಟೊಮನ್ ಪ್ರಜೆಗಳು ತಾವಾಗಿಯೇ ಇರಾಕಿಗಳಾದರು. ಅಲ್-ಜವಾಹಿರಿಯವರದೂ ಸೇರಿ ನಜಫ್, ಕರ್ಬಲಾಗಳ ಅನೇಕ ಅರಬ್ ಮನೆತನಗಳ ಕಾಗದಪತ್ರಗಳಲ್ಲಿ ಮಾತ್ರ ಪರ್ಷಿಯದ ಪ್ರಜೆಗಳೆಂದಿತ್ತು. ಕಾರಣ ಸರಳ: ಪರ್ಷಿಯದ ಪ್ರಜೆಗೆ ಸುಲ್ತಾನನ ಸೈನ್ಯದ ಕಡ್ಡಾಯ ಸೇವೆ ತಪ್ಪುತ್ತಿತ್ತು. ಅಲ್-ಜವಾಹಿರಿ ಎಂಬ ಮನೆತನದ ಹೆಸರು ಬಂದದ್ದೇ ಅವರ ಪೂರ್ವಜ ಶೇಖ್ ಮುಹಮ್ಮದ್ ಹಸನ್ ನಜಫಿನಲ್ಲಿ ಬರೆದ ‘ಜವಾಹಿರ್ ಅಲ್-ಕಲಾಮ್’ ಎಂಬ ಧರ್ಮಶಾಸ್ತ್ರದ ಬೃಹದ್ಗ್ರಂಥದಿಂದ. ನಜಫಿನ ಈ ಮನೆತನದ ಕುಡಿ ಇರಾಕಿನವನು ಹೌದೋ ಅಲ್ಲವೋ ಎಂದು ಕೇಳಿದವರು ಯಾರು? ಸನಾದಲ್ಲಿ ಹುಟ್ಟಿ, ಇಸ್ತಾಂಬುಲಿನಲ್ಲಿ ಓದಿ, 1921ರಲ್ಲಿ ಇರಾಕಿಗೆ ಬಂದ ಅಧಿಕಾರಿ. ಇದನ್ನು ಹೀಯಾಳಿಸಲು ಹೇಳುತ್ತಿಲ್ಲ. ಇರಾಕಿನ ಶಾಲೆಗಳನ್ನು ಕಟ್ಟಿದ ಅಲ್-ಹುಸ್ರಿಯವರ ದುಡಿಮೆ ದೊಡ್ಡದು. ಆದರೆ ಹಳೆಯ ಸಾಮ್ರಾಜ್ಯದ ಕಾಗದ ಕೈಯಲ್ಲಿದ್ದವನಿಗೆ ಬಾಗಿಲು ತೆರೆದು, ಆ ಸಾಮ್ರಾಜ್ಯದ ಸೈನ್ಯದಿಂದ ತಪ್ಪಿಸಿಕೊಂಡವರ ಮಗನಿಗೆ ಮುಚ್ಚುವ ಕಾನೂನನ್ನು ದೇಶನಿಷ್ಠೆಯ ಅಳತೆಗೋಲೆಂದು ಬಗೆದದ್ದು ಅವರ ದೋಷ.

ಇನ್ನು ಕವಿತೆ. ತೀರ್ಪು ನಿಲ್ಲಬೇಕಾದದ್ದು ಇದರ ಮೇಲೆ. 1920ರ ದಶಕದ ನಡುವೆ ಇರಾನಿನ ಪ್ರವಾಸದಲ್ಲಿದ್ದಾಗ ಅಲ್-ಜವಾಹಿರಿ ‘ಬರೀದ್ ಅಲ್-ಗುರ್ಬಾ’, ಅಂದರೆ ‘ಪರದೇಶದ ಅಂಚೆ’, ಎಂಬ ಕವಿತೆ ಬರೆದರು. ಅದರಲ್ಲಿ ಇರಾನಿನ ಗಾಳಿ, ಹಸಿರುಗಳ ಹೊಗಳಿಕೆ ಇದೆ. ಇರಾಕಿನಲ್ಲಿರುವ ಒಂದು ಆಪ್ತರ ಬಳಗದಿಂದಾಗಿಯೇ ಆ ನಾಡು ತನಗೆ ಪ್ರಿಯ ಎಂಬ ಇಂಗಿತವೂ ಇದೆ. ಅಲ್-ಹುಸ್ರಿ ಹಿಡಿದದ್ದು ಇಂಥ ಕೆಲವು ಸಾಲುಗಳನ್ನು. ಅವರ ಕಣ್ಣಿಗೆ ಅದು ‘ಶುಊಬಿಯ್ಯ’, ಎಂದರೆ ಅಬ್ಬಾಸಿ ಕಾಲದಲ್ಲಿ ಅರಬರನ್ನು ಕೀಳುಗಳೆದು ಪರ್ಷಿಯನ್ನರನ್ನು ಮೆರೆಸಿದವರ ಮೇಲಿದ್ದ ಅಪವಾದ. ಸಾವಿರ ವರ್ಷ ಹಳೆಯ ಆ ಬೈಗುಳವನ್ನು ಶಾಲಾ ಮಾಸ್ತರರೊಬ್ಬರ ಸೇವಾ ಕಡತಕ್ಕೆ ಅಂಟಿಸಿದ್ದು ಅವರ ಸಾಧನೆ.

ಕವಿತೆಯನ್ನು ಇಡಿಯಾಗಿ ಓದಿದರೆ ಆರೋಪ ನಿಲ್ಲುವುದಿಲ್ಲ. ಅದು ಹೊರಡುವುದು ವಿರಹದಿಂದ. ಗಾಳಿ ಬೀಸಿದೊಡನೆ ಊರಿನವರ ಹಂಬಲ ಎದ್ದಿತೆಂಬುದು ಅದರ ಆರಂಭದ ಭಾವ. ಅರಬ್ಬಿಯಲ್ಲಿ ‘ಹನೀನ್’, ತಾಯ್ನಾಡಿನ ಹಂಬಲ, ಒಂದು ಪ್ರತ್ಯೇಕ ಕಾವ್ಯಪ್ರಕಾರವೇ ಆಗಿದೆ. ಅಲ್-ಜಾಹಿಝ್ ಹೆಸರಿನಲ್ಲಿ ಇದೇ ವಿಷಯದ ಪ್ರಬಂಧವೊಂದು ಬಹುಕಾಲದಿಂದ ಪ್ರಚಲಿತವಾಗಿದೆ. ಈ ಪ್ರಕಾರದಲ್ಲಿ ಪರದೇಶದ ಚೆಲುವನ್ನು ಬಣ್ಣಿಸುವುದು ದ್ರೋಹವಾಗಲಾರದು. ಎದುರಿಗಿರುವ ನೆಲ ಎಷ್ಟು ಸೊಗಸೋ ಅಷ್ಟು ಗಾಢವಾಗುತ್ತದೆ ಊರಿನ ನೆನಪು. ಇರಾನ್ ಸುಂದರವಾಗಿರದಿದ್ದರೆ ಆ ಹಂಬಲಕ್ಕೆ ತೂಕವೇ ಬರುತ್ತಿರಲಿಲ್ಲ. ನಾಡಿನ ಮೇಲಿನ ಪ್ರೀತಿಯನ್ನು ಅಲ್ಲಿನ ನಂಟರ, ಗೆಳೆಯರ ಮೂಲಕ ಹೇಳುವುದೂ ಈ ಪ್ರಕಾರದ ಹಳೆಯ ಜಾಡು. ನಜಫಿನ ಪಾಠಶಾಲೆಗಳಲ್ಲಿ ಪ್ರಾಚೀನ ಕಾವ್ಯವನ್ನು ಬಾಯಿಪಾಠ ಮಾಡುತ್ತಾ ಬೆಳೆದ ಕವಿಗೆ ಇದು ರಕ್ತಗತ. ಒಟ್ಟೊಮನ್ ತುರ್ಕಿಯ ಶಿಕ್ಷಣ ಪಡೆದು ನಡುವಯಸ್ಸಿನಲ್ಲಿ ಅರಬ್ ರಾಷ್ಟ್ರವಾದಕ್ಕೆ ಬಂದ ಅಧಿಕಾರಿಗೆ ಅದು ಕಾಣದಿದ್ದರೆ ಆಶ್ಚರ್ಯವಿಲ್ಲ. ಅಲ್-ಹುಸ್ರಿಯವರ ನಂತರ ಬರೆದ, ಅರಬ್ಬಿ ಕಾವ್ಯವೇ ಕಸುಬಾಗಿರುವ ವಿದ್ವಾಂಸರೂ ಅದೇ ತುಣುಕನ್ನು ಎತ್ತಿ ಎತ್ತಿ ತೋರಿಸುತ್ತಿರುವುದು ಮಾತ್ರ ಆಶ್ಚರ್ಯ.

ಈಗ ಸಾಕ್ಷಿಯ ಸ್ಥಾನವನ್ನು ನೋಡೋಣ. ಅಲ್-ಹುಸ್ರಿಯವರ ಸ್ಮರಣೆಗಳ ಮೊದಲ ಸಂಪುಟ 1921ರಿಂದ 1927ರವರೆಗಿನದು. ಅಲ್ಲಿಗೇ ಏಕೆ ನಿಲ್ಲುತ್ತದೆಂದರೆ, ಅವರು ಮಹಾ ನಿರ್ದೇಶಕ ಹುದ್ದೆಯಿಂದ ಹೊರಬಿದ್ದದ್ದು ಅದೇ ವರ್ಷ. ಆದ್ದರಿಂದ ಈ ಪ್ರಕರಣವನ್ನು ಅವರ ನಿರ್ಗಮನದ ಸಮರ್ಥನೆಯ ಭಾಗವಾಗಿಯೇ ಓದಬೇಕು. ಅವರ ನಿಜವಾದ ಎದುರಾಳಿ ಕವಿಯಾಗಿರಲಿಲ್ಲ, ಮಂತ್ರಿಯಾಗಿದ್ದರು. ಅವರಿಬ್ಬರ ಕಲಹ ಅದೇ ವರ್ಷದ ಜನವರಿಯಲ್ಲೇ ಹೊತ್ತಿಕೊಂಡಿತ್ತು. ಬಗ್ದಾದಿನಲ್ಲಿ ಪಾಠ ಹೇಳುತ್ತಿದ್ದ ಅನೀಸ್ ಅಲ್-ನುಸೂಲಿ ಉಮಯ್ಯಾದ್ ದೊರೆಗಳ ಬಗ್ಗೆ ಬರೆದ ಪುಸ್ತಕ ಶಿಯಾ ಸಮುದಾಯವನ್ನು ಕೆರಳಿಸಿತು. ಮಂತ್ರಿ ನುಸೂಲಿಯವರನ್ನು ವಜಾ ಮಾಡಿದರು, ವಿದ್ಯಾರ್ಥಿಗಳು ಬೀದಿಗಿಳಿದರು. ಮಂತ್ರಿಯ ಆ ಕ್ರಮ ಅಲ್-ಹುಸ್ರಿಗೆ ಒಪ್ಪಿಗೆಯಾಗಲಿಲ್ಲ.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಬ್ಬ ಅಧ್ಯಾಪಕ ಬರೆದ ಚರಿತ್ರೆಗಾಗಿ ಅವನ ನೌಕರಿ ಕಿತ್ತುಕೊಂಡದ್ದು ತಪ್ಪಾದರೆ, ಇನ್ನೊಬ್ಬ ಬರೆದ ಕವಿತೆಗಾಗಿ ಕಿತ್ತುಕೊಂಡದ್ದು ಅದೇ ವರ್ಷ ಅದೇ ಇಲಾಖೆಯಲ್ಲಿ ಹೇಗೆ ಸರಿಯಾಯಿತು? ಅಲ್-ಹುಸ್ರಿಯವರ ಅಭಿಮಾನಿಗಳಿಂದ ಇದಕ್ಕೆ ನೇರ ಉತ್ತರ ಬಂದಿಲ್ಲ. ನನ್ನ ಓದಿನಲ್ಲಿ ಉತ್ತರ ಇಷ್ಟು: ನುಸೂಲಿಯ ಸೋಲಿಗೆ ಇಲಾಖೆ ತೀರಿಸಿಕೊಂಡ ಮುಯ್ಯಿಗೆ ಕವಿತೆ ನೆಪವಾಯಿತು. ದೊರೆಯ ತೀರ್ಮಾನವೂ ಇದಕ್ಕೆ ಒತ್ತಾಸೆ ಕೊಡುತ್ತದೆ. ನಿಷ್ಠೆಯ ಬಗ್ಗೆ ನಿಜವಾದ ಸಂಶಯವಿದ್ದಿದ್ದರೆ, ಶಾಲೆಗೆ ಅಯೋಗ್ಯನಾದವನನ್ನು ಆಸ್ಥಾನದ ಬಾಗಿಲಲ್ಲಿ ಯಾರು ನಿಲ್ಲಿಸಿಕೊಳ್ಳುತ್ತಾರೆ?

ಎದುರು ಪಾಳೆಯದ ಓದೂ ನನಗೆ ಒಪ್ಪಿಗೆಯಿಲ್ಲ. ಹಸನ್ ಅಲ್-ಅಲವಿಯವರಂಥವರು ಅಲ್-ಹುಸ್ರಿಯವರಲ್ಲಿ ಶಿಯಾ ದ್ವೇಷವನ್ನು ಕಂಡು, ಕವಿಯನ್ನು ಒಂದು ಪಂಗಡದ ಹುತಾತ್ಮನನ್ನಾಗಿಸುತ್ತಾರೆ. (ಅಲವಿ ಚುರುಕಾದ ಬರಹಗಾರ, ಆದರೆ ಅವರ ಬಳಿ ಎಲ್ಲ ಬೀಗಕ್ಕೂ ಒಂದೇ ಕೀಲಿಕೈ.) ಆಸ್ಥಾನದಲ್ಲಿದ್ದಾಗಲೇ, 1929ರಲ್ಲಿ, ಈ ‘ಹುತಾತ್ಮ’ ನಜಫಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಅಡ್ಡಬಂದ ಧರ್ಮಗುರುಗಳ ಮೇಲೆ ‘ಅಲ್-ರಜ್‌ಇಯ್ಯೂನ್’ ಎಂಬ ಕಟುವಾದ ಕವಿತೆ ಬರೆದರು. ತನ್ನವರನ್ನೇ ಪ್ರತಿಗಾಮಿಗಳೆಂದು ಜರೆದವರನ್ನು ಪಂಗಡದ ಬಾವುಟವಾಗಿ ಏರಿಸುವುದು ಅನ್ಯಾಯ. ಹಾಗೆಂದು ಅವರನ್ನು ಕಳಂಕವಿಲ್ಲದ ವೀರನೆನ್ನುವುದೂ ಬೇಡ. 1948ರ ಜನವರಿಯಲ್ಲಿ ಪೋರ್ಟ್ಸ್‌ಮತ್ ಒಪ್ಪಂದದ ವಿರುದ್ಧದ ಮೆರವಣಿಗೆಯಲ್ಲಿ ಗುಂಡಿಗೆ ಬಲಿಯಾದ ತಮ್ಮ ಜಾಫರನಿಗಾಗಿ ಶೋಕಗೀತೆ ಬರೆದವರೇ 1953ರಲ್ಲಿ ಎರಡನೆಯ ಫೈಸಲರ ಪಟ್ಟಾಭಿಷೇಕಕ್ಕೂ ಕವಿತೆ ಕೊಟ್ಟರು. ಇವರನ್ನು ಒಂದು ಪಕ್ಷಕ್ಕೆ ಕಟ್ಟಿಹಾಕಲು ಹೋದವರೆಲ್ಲ ಸೋತಿದ್ದಾರೆ.

ಇರಾನಿನಿಂದ ಬರೆದ ಕವಿತೆಗೂ ಮುಂದಿನ ಪರವಾಸಕ್ಕೂ ಏನು ಸಂಬಂಧವೆಂಬ ಆಕ್ಷೇಪ ಬರಬಹುದು. ಸಂಬಂಧವನ್ನು ಸ್ವತಃ ಕವಿಯೇ ಜೋಡಿಸಿದ್ದಾರೆ. 1965ರಲ್ಲಿ ಪ್ರಾಗಿನಲ್ಲಿ ಹೊರತಂದ ಸಂಕಲನಕ್ಕೆ ಅವರು ಇಟ್ಟ ಹೆಸರು ‘ಬರೀದ್ ಅಲ್-ಗುರ್ಬಾ’. ತನ್ನ ನೌಕರಿ ಕಳೆದ ಕವಿತೆಯ ಹೆಸರನ್ನು ಸುಮಾರು ನಲವತ್ತು ವರ್ಷಗಳ ಬಳಿಕ ಪುಸ್ತಕದ ರಕ್ಷಾಪುಟದ ಮೇಲೆ ಅಚ್ಚು ಮಾಡಿಸಿದ್ದು ಆಕಸ್ಮಿಕವೆಂದು ನಾನು ಒಪ್ಪಲಾರೆ. ಪ್ರಾಗಿನ ವರ್ಷಗಳನ್ನೇ ಮೊದಲ ಪರವಾಸವೆಂದು ಎಣಿಸುವವರು ಈ ಹೆಸರಿನ ಮುಂದೆ ಹಾದುಹೋಗುವಾಗ ಕಣ್ಣು ಮುಚ್ಚಿಕೊಂಡಿರಬೇಕು.

ಕಡತದ ಆಯುಸ್ಸೂ ಅಲ್ಲಿಗೆ ಮುಗಿಯಲಿಲ್ಲ. 1941ರಲ್ಲಿ ರಶೀದ್ ಅಲಿ ಸರ್ಕಾರ ಉರುಳಿ ಬ್ರಿಟಿಷರ ಕೈ ಮೇಲಾದಾಗ ಅಲ್-ಹುಸ್ರಿಯವರ ಇರಾಕಿ ರಾಷ್ಟ್ರೀಯತೆಯನ್ನೇ ಕಿತ್ತುಕೊಂಡು ಗಡೀಪಾರು ಮಾಡಲಾಯಿತು. ತಾವು ಹಿಡಿದಿದ್ದ ಆಯುಧವೇ ಅವರ ಮೇಲೆ ತಿರುಗಿತು. 1980ರ ಮೇ 7ರ 666ನೆಯ ಆಜ್ಞೆಯಿಂದ ಸದ್ದಾಮ್ ಸರ್ಕಾರ ‘ಪರಕೀಯ ಮೂಲ’ದವರ ರಾಷ್ಟ್ರೀಯತೆಯನ್ನು ರದ್ದು ಮಾಡಿ, ಫೈಲಿ ಕುರ್ದರೂ ಸೇರಿ ಅಪಾರ ಜನರನ್ನು ಇರಾನಿನ ಗಡಿಗೆ ಅಟ್ಟಿತು. ಅದು ಜರಡಿ ಹಿಡಿದದ್ದು ಒಟ್ಟೊಮನ್ ಕಾಗದ, ಪರ್ಷಿಯನ್ ಕಾಗದ ಎಂಬ ಹಳೆಯ ವಿಂಗಡಣೆಯನ್ನೇ. ಕವಿ ಕೊನೆಯ ಬಾರಿಗೆ ಇರಾಕ್ ತೊರೆದದ್ದೂ ಅದೇ ವರ್ಷ. 1995ರಲ್ಲಿ, ಸೌದಿ ಅರೇಬಿಯಾದ ಜನಾದ್ರಿಯಾ ಉತ್ಸವಕ್ಕೆ ಹೋದ ನೆಪದಲ್ಲಿ, ಇನ್ನೊಬ್ಬ ಇರಾಕಿ ಕವಿ ಅಲ್-ಬಯಾತಿಯವರೊಡನೆ ಅಲ್-ಜವಾಹಿರಿಯವರ ರಾಷ್ಟ್ರೀಯತೆಯನ್ನೂ ಸರ್ಕಾರ ಕಸಿದುಕೊಂಡಿತು. ಆಗ ಅವರದು ತೊಂಬತ್ತು ದಾಟಿದ ವಯಸ್ಸು.

ಆದ್ದರಿಂದ ಅಲ್-ಜವಾಹಿರಿಯವರ ಪರವಾಸದ ಚರಿತ್ರೆಯನ್ನು 1961ರಿಂದ ಆರಂಭಿಸುವ ಪದ್ಧತಿಯನ್ನು ಕೈಬಿಡಬೇಕು. ಅದು 1927ರಲ್ಲಿ, ಅವರು ಬಗ್ದಾದಿನಲ್ಲೇ ಇದ್ದಾಗ, ಒಂದು ಸೇವಾ ಕಡತದಲ್ಲಿ ಶುರುವಾಯಿತು. ಅಲ್-ಹುಸ್ರಿಯವರ ಬರಹವನ್ನು ಮೊಕದ್ದಮೆಯ ಒಬ್ಬ ಕಕ್ಷಿದಾರನ ಹೇಳಿಕೆಯೆಂದು ಓದಬೇಕು, ತೀರ್ಪೆಂದು ಓದಕೂಡದು. ಇನ್ನು ಮುಂದೆ ಆ ಕವಿತೆಯನ್ನು ಉಲ್ಲೇಖಿಸುವವರು ಇಡೀ ಕವಿತೆಯನ್ನು ಓದಿ ಉಲ್ಲೇಖಿಸಲಿ. ಹಾಗೆ ಓದಿದ ಮೇಲೂ ಅದರಲ್ಲಿ ದ್ರೋಹ ಕಂಡರೆ ಆಗ ವಾದಕ್ಕೆ ಬರಲಿ.