ಶತ್ರು ಹೇಳಿದ ಸಾಕ್ಷಿ

ಬೇಲೂರಿಗೆ ಹೋದವರೆಲ್ಲ ಶಿಲಾಬಾಲಿಕೆ ನೋಡಿಕೊಂಡು ಬರ್ತಾರೆ. ಒಂದು ಸಲ ಬಿಕ್ಕೋಡಿನ ಕಡೆ, ಆ ಕಾಫಿ ಸೀಮೆಯ ಕಡೆ ತಿರುಗಿ. ನಾಡಿನ ಈ ಭಾಗದಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ದನ ಬಿಡಿಸಲು ಹೋಗಿ ಸತ್ತ ಹುಡುಗನಿಗೂ ಊರು ಕಲ್ಲು ನಿಲ್ಲಿಸ್ತಿತ್ತು. ಇದೇ ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. ಸುಮಾರು ಕ್ರಿ.ಶ. 450ರದ್ದು. ಕನ್ನಡದ ಆ ಹಳೇ ಶಾಸನದಲ್ಲಿರೋದು ವಿಜ ಅರಸ ಅನ್ನೋ ಯೋಧನ ಕಥೆ. ಯುದ್ಧ ಗೆದ್ದು ಬಂದವನಿಗೆ ಎರಡು ಹಳ್ಳಿ ಬಾಳ್ಗಚ್ಚು. ಬಾಳ್ಗಚ್ಚು ಅಂದ್ರೆ ಕತ್ತಿ ತೊಳೆದು ಕೊಟ್ಟ ಮರ್ಯಾದೆ.

ಆ ಕಲ್ಲುಗಳಿಗೆಲ್ಲ ಸಾಕ್ಷಿ ಇದ್ದರು. ಹುಡುಗ ಬಿದ್ದದ್ದನ್ನು ಊರು ಕಂಡಿತ್ತು. ಯಾರೂ ಕಾಣದ ಕಡೆ ಸತ್ತರೆ?

ಅಜ್ಜಮಾಡ ದೇವಯ್ಯ. ಕೊಡಗಿನವರು, ವಾಯುಪಡೆಯ ಸ್ಕ್ವಾಡ್ರನ್ ಲೀಡರ್, ವಯಸ್ಸು 32. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ. ಹೋಗಬೇಕಿದ್ದದ್ದು 12 ಮಿಸ್ಟೀರ್ ವಿಮಾನ. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಮೀಸಲು! ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ಕೊನೇ ಕ್ಷಣದಲ್ಲಿ ಅವರೂ ದಾಳಿಗೆ ಸೇರಿಕೊಂಡರು.

ವಾಪಸ್ ಬರುವಾಗ ಬೆನ್ನು ಹತ್ತಿದ್ದು ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಅಮೆರಿಕದ ಯಂತ್ರ. ಮಿಸ್ಟೀರ್ ಅದರ ಮುಂದೆ ಎತ್ತಿನ ಗಾಡಿ ಅಂದ್ರೂ ತಪ್ಪಿಲ್ಲ. ಪೆಟ್ಟು ಬಿತ್ತು. ಮಿಸ್ಟೀರ್ ಕತೆ ಮುಗೀತು ಅಂದುಕೊಂಡ ಪಾಕ್ ಪೈಲಟ್ ಅಮ್ಜದ್ ಹುಸೇನ್. ಮುಗಿದಿರಲಿಲ್ಲ. ಏಟು ತಿಂದ ವಿಮಾನವನ್ನೇ ತಿರುಗಿಸಿ ದೇವಯ್ಯ ಎದುರು ನಿಂತರು, ಸ್ಟಾರ್‌ಫೈಟರನ್ನು ಹೊಡೆದರು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ. ದೇವಯ್ಯ ಬರಲಿಲ್ಲ.

ಜೊತೆಗಾರರು ಯಾರೂ ಇದನ್ನು ನೋಡಿರಲಿಲ್ಲ. ಹಾಗಾಗಿ ಕಡತದಲ್ಲಿ ಉಳಿದದ್ದು ಒಂದೇ ಪದ: ನಾಪತ್ತೆ. ಮನೆಯಲ್ಲಿ ಕಾಯುತ್ತಿದ್ದ ಹೆಂಡತಿಗೆ ಆ ಪದ ಏನು ಹೇಳೀತು? ಸತ್ತರು ಅಂತಲೂ ಇಲ್ಲ, ಇದ್ದಾರೆ ಅಂತಲೂ ಇಲ್ಲ. ಆಮೇಲೆ ಸತ್ತರೆಂದು ಭಾವಿಸಲಾಯಿತು. ಹೇಗೆ ಸತ್ತರು ಅನ್ನೋದು ಮಾತ್ರ ಗೊತ್ತಾಗಲಿಲ್ಲ.

1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕನ ಪುಸ್ತಕ ಬಂತು. ಪಾಕಿಸ್ತಾನದ ಕಡೆಯಿಂದ ಕೇಳಿ ಬರೆದ ಯುದ್ಧಕಥೆ. ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೀರ್‌ನ ಏಟಿಗೆ ಅಂತ ಅದರಲ್ಲಿತ್ತು. ನಮ್ಮವರು ಲೆಕ್ಕ ಹಾಕಿ ನೋಡಿದರೆ ಅದು ದೇವಯ್ಯನವರೇ. ನಮ್ಮ ಹುಡುಗನ ಶೌರ್ಯಕ್ಕೆ ಸಾಕ್ಷಿ ನುಡಿದದ್ದು ಶತ್ರು ದೇಶ! ಅಷ್ಟಾದ ಮೇಲೂ ಸರ್ಕಾರ ಓಡಲಿಲ್ಲ, ನಡೀತು. ಆ ದಾಳಿಯ ನಾಯಕ ತನೇಜಾ ಬೆನ್ನುಹತ್ತಿದ ಮೇಲೆ 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಸತ್ತು 23 ವರ್ಷಕ್ಕೆ.

2025ರಲ್ಲಿ ಈ ಕಥೆಯನ್ನಿಟ್ಟುಕೊಂಡು ಹಿಂದಿ ಸಿನಿಮಾನೂ ಬಂತು, 'ಸ್ಕೈ ಫೋರ್ಸ್'. ಪಾತ್ರದ ಹೆಸರು ದೇವಯ್ಯ ಅಲ್ಲ, ಬೇರೆ ಏನೋ. ಸಿನಿಮಾದವರಿಗೆ ಅವರದೇ ಕಾರಣ ಇರಬಹುದು, ನನಗಂತೂ ಹಿಡಿಸಲಿಲ್ಲ. ಮಡಿಕೇರಿಗೆ ಹೋದಾಗ ಅವರ ಹೆಸರಿನ ವೃತ್ತದಲ್ಲಿ ಒಂದು ನಿಮಿಷ ನಿಲ್ಲಿ. ಅಲ್ಲಿ ಪ್ರತಿಮೆಯಿದೆ, ಪೂರ್ತಿ ಹೆಸರೂ ಇದೆ.