ಶಾಖ ವಿನಿಮಯಕ ಕೊಳವೆಗಳ ತುಕ್ಕು ಮತ್ತು ಸವೆತ: ಹಾವೇರಿ ಜಿಲ್ಲೆ

ಬಿಸಿ ದ್ರವ ಅಥವಾ ಆವಿಯ ಶಾಖವನ್ನು ಕೊಳವೆಯ ಗೋಡೆಯ ಮೂಲಕ ಮತ್ತೊಂದು ದ್ರವಕ್ಕೆ ದಾಟಿಸುವ ಉಪಕರಣ ಶಾಖ ವಿನಿಮಯಕ. ಮಂಗಳೂರಿನಂಥ ಕಚ್ಚಾತೈಲ ಶುದ್ಧೀಕರಣ ಸ್ಥಾವರಗಳಲ್ಲಿ ಈ ಗೋಡೆಯನ್ನು ತಿನ್ನುವುದು ಮುಖ್ಯವಾಗಿ ಗಂಧಕದ ಸಂಯುಕ್ತಗಳು, ನ್ಯಾಫ್ತೆನಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳು. ಹಾವೇರಿ ಜಿಲ್ಲೆಯ ಕೈಗಾರಿಕೆಗಳ ಸ್ವರೂಪವೇ ಬೇರೆ. ಇಲ್ಲಿ ತಂಪುನೀರಿಗೇ ಹೆಚ್ಚು ಗಮನ ಕೊಡಬೇಕಾಗುತ್ತದೆ.

ಬ್ಯಾಡಗಿ: ಮೆಣಸಿನಕಾಯಿಯ ಬಣ್ಣ ಮತ್ತು ಸತ್ವವನ್ನು (ಓಲಿಯೋರೆಸಿನ್) ಹೆಕ್ಸೇನ್‌ನಂಥ ದ್ರಾವಕದಲ್ಲಿ ಕರಗಿಸಿ ತೆಗೆಯುತ್ತಾರೆ. ಬಳಿಕ ದ್ರಾವಕವನ್ನು ಆವಿಯಾಗಿಸಿ, ಕಂಡೆನ್ಸರ್‌ನಲ್ಲಿ ತಣಿಸಿ ಮರಳಿ ಪಡೆಯುತ್ತಾರೆ. ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಹೆಕ್ಸೇನ್ ಉಕ್ಕಿಗೆ ಹೆಚ್ಚೇನೂ ಮಾಡದು. ಕೇಡು ಆಚೆ ಬದಿಯ ನೀರಿನದು. ಬೋರ್‌ವೆಲ್‌ನ ಗಡಸು ನೀರು ಕೂಲಿಂಗ್ ಟವರ್‌ನಲ್ಲಿ ಸುತ್ತುತ್ತ ಆವಿಯಾದಂತೆಲ್ಲ ಅದರ ಲವಣ ದಟ್ಟವಾಗುತ್ತದೆ. ಬಿಸಿ ಏರಿದಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವುದು ಕಡಿಮೆ. ಹಾಗಾಗಿ ಕೊಳವೆಯ ಬಿಸಿ ತುದಿಯಲ್ಲಿ ಬಿಳಿ ಪದರ ಮೊದಲು ಕಟ್ಟುತ್ತದೆ. ಪದರದಡಿ ಆಮ್ಲಜನಕ ತಲುಪದೆ ಆ ಜಾಗ ಆನೋಡ್ ಆಗುತ್ತದೆ, ಸುತ್ತಲಿನ ಲೋಹ ಕ್ಯಾಥೋಡ್ ಆಗುತ್ತದೆ. ಕ್ಲೋರೈಡ್ ಸೇರಿತೆಂದರೆ ಗುಳಿ ಬೇಗ ಇಳಿಯುತ್ತದೆ. ಪದರ ಕೆರೆದರೆ ಅಡಿಯಲ್ಲಿ ಕಪ್ಪು ಪುಡಿ, ಅದನ್ನು ಒರೆಸಿದರೆ ಸೂಜಿಮೊನೆಯಷ್ಟು ಗುಳಿ ಕಾಣುವುದುಂಟು.

ಹೀಗಾಗಿ ಸರಾಸರಿ ದಪ್ಪವನ್ನು ನಂಬಬಾರದು. ಸಾಮಾನ್ಯ ಬಳಕೆಯ 19 ಮಿ.ಮೀ. ಕೊಳವೆಯ ಗೋಡೆ ಸುಮಾರು 2.1 ಮಿ.ಮೀ. ಇದ್ದು, ವರ್ಷಕ್ಕೆ 0.1 ಮಿ.ಮೀ.ನಂತೆ ಸಮನಾಗಿ ಸವೆದರೆ ಹತ್ತು ವರ್ಷಗಳ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಗುಳಿ ಬಿದ್ದ ಕೊಳವೆಗೆ ಈ ಲೆಕ್ಕ ಅನ್ವಯಿಸದು. ಒಂದೇ ತೂತಿನಿಂದ ನೀರು ದ್ರಾವಕದೊಳಗೆ ಹೋಗಬಹುದು, ಇಲ್ಲವೇ ದ್ರಾವಕ ಕೂಲಿಂಗ್ ಟವರ್ ಸೇರಿ ಬೆಂಕಿಯ ಅಪಾಯ ತರಬಹುದು.

ರಾಣೆಬೆನ್ನೂರು: ತಾಲ್ಲೂಕಿನ ಕುಮಾರಪಟ್ಟಣಂನಲ್ಲಿ, ತುಂಗಭದ್ರೆಯ ದಡದಲ್ಲಿ, 1970ರ ದಶಕದಿಂದ ಹರಿಹರ ಪಾಲಿಫೈಬರ್ಸ್ ರೇಯಾನ್ ದರ್ಜೆಯ ಮರದ ತಿರುಳು ತಯಾರಿಸುತ್ತಿದೆ. ಇಂಥ ಉದ್ಯಮದಲ್ಲಿ ಕಾಸ್ಟಿಕ್ ಹಾಗೂ ಸೋಡಿಯಂ ಸಲ್ಫೈಡ್ ಇರುವ ಕಪ್ಪು ದ್ರಾವಣವನ್ನು ಸಾಲು ಬಾಷ್ಪೀಕಾರಕಗಳಲ್ಲಿ ಗಟ್ಟಿಗೊಳಿಸುತ್ತಾರೆ. ಅತಿ ಬಿಸಿಯ, ಅತಿ ಸಾಂದ್ರ ಹಂತದಲ್ಲಿ ಸಾದಾ ಉಕ್ಕು ಬೇಗ ಸವೆಯುವುದರಿಂದ ಅಲ್ಲಿ ಸ್ಟೇನ್‌ಲೆಸ್ ಉಕ್ಕನ್ನು ಬಳಸುವುದು ರೂಢಿ.

ಹಾವೇರಿ: ಸಂಗೂರಿನಂಥ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸಕ್ಕಿಂತ, ಪದರ ತೆಗೆಯಲು ಹಾಕುವ ಆಮ್ಲ ಅಳತೆ ಮೀರಿದಾಗಲೇ ಕೊಳವೆ ಹೆಚ್ಚು ತೆಳುವಾಗುತ್ತದೆ.

ಪರೀಕ್ಷೆ: ನೀರಿನ ಒತ್ತಡ ಪರೀಕ್ಷೆ ಆಗಲೇ ಆದ ತೂತನ್ನಷ್ಟೇ ತೋರಿಸುತ್ತದೆ. ಸ್ಟೇನ್‌ಲೆಸ್ ಮತ್ತು ಹಿತ್ತಾಳೆ ಕೊಳವೆಗಳಿಗೆ ಎಡ್ಡಿ ಕರೆಂಟ್ ತಪಾಸಣೆ ಸಾಕು; ಕಾಂತಗುಣವುಳ್ಳ ಸಾದಾ ಉಕ್ಕಿಗೆ ಒಳಗಿನಿಂದ ನಡೆಸುವ ಶ್ರವಣಾತೀತ ತಪಾಸಣೆ ಹೆಚ್ಚು ನಂಬಿಕೆಗೆ ಅರ್ಹ. ಸವೆದ ಕೊಳವೆಗಳ ಎರಡೂ ತುದಿಗೆ ಬಿರಡೆ ಹೊಡೆದು ಯಂತ್ರವನ್ನು ಮತ್ತೆ ನಡೆಸುವುದು ತಾತ್ಕಾಲಿಕ ಪರಿಹಾರ. ನೀರನ್ನು ಸರಿಪಡಿಸದೆ 304 ದರ್ಜೆಯ ಸ್ಟೇನ್‌ಲೆಸ್ ಕೊಳವೆ ಹಾಕಿದರೂ ಪ್ರಯೋಜನ ಅನುಮಾನ: ಕ್ಲೋರೈಡ್ ಇರುವ ನೀರಿನಲ್ಲಿ, ಸುಮಾರು 60 ಡಿಗ್ರಿ ಮೀರಿದರೆ, ಅದು ಸವೆಯುವ ಮೊದಲೇ ಬಿರುಕು ಬಿಡಬಹುದು.