ಸ್ಪ್ಯಾನಿಷ್ ಸಾಹಿತ್ಯದಲ್ಲಿ ಹಳ್ಳಿ ಮತ್ತು ನಗರ

ಸ್ಪ್ಯಾನಿಷ್ ಸಾಹಿತ್ಯದಲ್ಲಿ ಹಳ್ಳಿಯನ್ನು ಹಾಡಿ ಹೊಗಳಿದವರಲ್ಲಿ ಅನೇಕರು ಹಳ್ಳಿಯಲ್ಲಿದ್ದವರಲ್ಲ. 1539ರಲ್ಲಿ ಆಸ್ಥಾನವನ್ನು ಹಳಿದು ಹಳ್ಳಿಯನ್ನು ಕೊಂಡಾಡುವ ಗ್ರಂಥ ಪ್ರಕಟಿಸಿದ ಅಂತೋನಿಯೊ ದೆ ಗೆವಾರ, ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಆಸ್ಥಾನದಲ್ಲೇ ಸೇವೆಯಲ್ಲಿದ್ದ ಬಿಷಪ್. ಅದೇ ಕಾಲದ ಗಾರ್ಸಿಲಾಸೊನ ಕವಿತೆಗಳಲ್ಲಿ ಕುರುಬರಿಗೆ ಕುರಿ ಮೇಯಿಸುವುದಕ್ಕಿಂತ ಪ್ರೇಮದ ಅಳಲೇ ಹೆಚ್ಚು.

ನಗರದ ಚಿತ್ರಣಕ್ಕೆ ಇಂಥ ಮುಸುಕು ಇರಲಿಲ್ಲ. ಕರ್ತೃ ಯಾರೆಂದು ತಿಳಿಯದ ‘ಲಾಸಾರಿಯೊ ದೆ ತೊರ್ಮೆಸ್’ (1554) ಕೃತಿಯಲ್ಲಿ ಹುಡುಗನೊಬ್ಬ ತೊಲೆದೊ ನಗರದಲ್ಲಿ ಕುಲೀನನೊಬ್ಬನ ಬಳಿ ಚಾಕರಿಗೆ ಸೇರುತ್ತಾನೆ. ಮನೆಯಲ್ಲಿ ಒಂದು ತುಂಡು ರೊಟ್ಟಿಗೂ ಗತಿಯಿಲ್ಲ. ಆದರೂ ಯಜಮಾನ ಹುಲ್ಲುಕಡ್ಡಿಯಿಂದ ಹಲ್ಲು ಕೆದಕುತ್ತಾ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಹೊಟ್ಟೆ ತುಂಬ ಉಂಡವನಂತೆ. ಹಳ್ಳಿಗರು ನಿಜವಾದ ಸಿಟ್ಟಿನೊಡನೆ ರಂಗಕ್ಕೆ ಬಂದದ್ದು ಲೋಪೆ ದೆ ವೆಗಾನ ‘ಫುಯೆಂತೆ ಒವೆಹುನ’ (1619) ನಾಟಕದಲ್ಲಿ. ದಬ್ಬಾಳಿಕೆಯ ಅಧಿಪತಿಯನ್ನು ಕೊಂದವರು ಯಾರೆಂದು ಚಿತ್ರಹಿಂಸೆ ಕೊಟ್ಟು ಕೇಳಿದರೂ ಎಲ್ಲರ ಉತ್ತರ ಒಂದೇ: ಊರಿನ ಹೆಸರು.

ಲ್ಯಾಟಿನ್ ಅಮೆರಿಕದಲ್ಲಿ ಇದು ರಾಜಕೀಯ ಜಗಳವೇ ಆಯಿತು. ದೊಮಿಂಗೊ ಸಾರ್ಮಿಯೆಂತೊ ‘ಫಕುಂದೊ’ದಲ್ಲಿ (1845) ನಗರವನ್ನು ನಾಗರಿಕತೆಗೂ ಪಂಪಾ ಬಯಲನ್ನು ಅನಾಗರಿಕತೆಗೂ ಸಮೀಕರಿಸಿದ. ಚಿಲಿಯಲ್ಲಿ ದೇಶಭ್ರಷ್ಟನಾಗಿ ಅದನ್ನು ಬರೆಯುವಾಗ ಅವನಿನ್ನೂ ಆ ಬಯಲನ್ನು ಕಣ್ಣಾರೆ ಕಂಡಿರಲಿಲ್ಲ. ಮುಂದೆ ಅವನೇ ಅರ್ಜೆಂಟೀನದ ಅಧ್ಯಕ್ಷನಾಗಿದ್ದಾಗ, 1872ರಲ್ಲಿ, ಹೊಸೆ ಎರ್ನಾಂದೆಸ್‌ನ ‘ಮಾರ್ತಿನ್ ಫಿಯೆರ್ರೊ’ ಕಾವ್ಯ ಬಂತು. ಬಲವಂತವಾಗಿ ಗಡಿಯ ಕೋಟೆಗೆ ಅಟ್ಟಲ್ಪಟ್ಟು ಮನೆ ಮಕ್ಕಳನ್ನು ಕಳೆದುಕೊಂಡ ಗೌಚೊ, ಅಂದರೆ ಬಯಲಿನ ದನಗಾಹಿ ಸವಾರ, ಅದರಲ್ಲಿ ತನ್ನ ಕಥೆ ತಾನೇ ಹಾಡುತ್ತಾನೆ. ಸಾರ್ಮಿಯೆಂತೊಗೆ ಇದಕ್ಕಿಂತ ಖಾರವಾದ ಉತ್ತರ ಸಿಗಲಿಲ್ಲ.

1926ರಲ್ಲಿ ಎರಡು ದಾರಿಗಳೂ ಒಟ್ಟಿಗೇ ಕಾಣಿಸಿಕೊಂಡವು. ಜಮೀನ್ದಾರಿ ಮನೆತನದ ರಿಕಾರ್ದೊ ಗ್ವಿರಾಲ್ದೆಸ್ ‘ದೊನ್ ಸೆಗುಂದೊ ಸೊಂಬ್ರಾ’ದಲ್ಲಿ ಮರೆಯಾಗುತ್ತಿದ್ದ ಗೌಚೊಗೆ ಪ್ರಭಾವಳಿ ತೊಡಿಸಿದ. ಅವನ ಬಳಿ ಕಾರ್ಯದರ್ಶಿಯಾಗಿದ್ದ ರೊಬೆರ್ತೊ ಆರ್ಲ್ತ್‌ನ ಮೊದಲ ಕಾದಂಬರಿಯಲ್ಲಿ ಬ್ಯೂನಸ್ ಐರಿಸ್‌ನ ಬಡ ಹುಡುಗರು ಶಾಲೆಯ ಗ್ರಂಥಾಲಯಕ್ಕೆ ಕನ್ನ ಹಾಕುತ್ತಾರೆ.

 ಮೆಕ್ಸಿಕೊದ ಹುವಾನ್ ರುಲ್ಫೊನ ‘ಪೆದ್ರೊ ಪಾರಮೊ’ (1955) ಕಾದಂಬರಿಯ ಕೊಮಾಲಾ ಊರಿನಲ್ಲಿ ಇರುವವರೆಲ್ಲ ಸತ್ತವರು. ಊರಿನ ಜಮೀನ್ದಾರ ಪೆದ್ರೊನ ಪ್ರಿಯೆ ತೀರಿಕೊಂಡಾಗ ನಿಲ್ಲದೆ ಬಾರಿಸಿದ ಗಂಟೆಗಳ ಸದ್ದಿಗೆ ಸುತ್ತಲಿನವರೆಲ್ಲ ಬಂದು ಸೇರುತ್ತಾರೆ, ಶೋಕವೇ ಜಾತ್ರೆಯಾಗುತ್ತದೆ. ಕೆರಳಿದ ಅವನು ಕೈಕಟ್ಟಿ ಕೂರುತ್ತಾನೆ, ಊರು ಹಸಿವಿನಿಂದ ಸಾಯುತ್ತದೆ. ಹಳ್ಳಿ ಯಾರ ಹಿಡಿತದಲ್ಲಿದೆ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಕೃತಿಗಳು ವಿರಳ. ಮೂರೇ ವರ್ಷಗಳಲ್ಲಿ ಕಾರ್ಲೊಸ್ ಫುಯೆಂತೆಸ್ ಅದೇ ದೇಶದ ರಾಜಧಾನಿಯನ್ನು ಕಾದಂಬರಿಯಾಗಿಸಿದ.

ಸ್ಪೇನಿನ ಇತ್ತೀಚಿನ ಬರಹಗಳಲ್ಲಿ ಖಾಲಿಯಾದ ಹಳ್ಳಿಗಳದ್ದೇ ಮಾತು. ಹುಲಿಯೊ ಯಾಮಸಾರೆಸ್ ಅವರ ‘ಹಳದಿ ಮಳೆ’ಯ (1988) ನಿರೂಪಕ ಪಿರನೀಸ್ ಪರ್ವತದ ಐನಿಯೆಲ್ಯೆ ಗ್ರಾಮದ ಕೊನೆಯ ನಿವಾಸಿ. ಸೆರ್ಹಿಯೊ ದೆಲ್ ಮೊಲಿನೊ ಅವರ ‘ಖಾಲಿ ಸ್ಪೇನ್’ (2016) ಪ್ರಬಂಧದ ಶೀರ್ಷಿಕೆ ರಾಜಕಾರಣಿಗಳ ಬಾಯಿಗೂ ಬಂತು. 2019ರ ನವೆಂಬರ್ ಚುನಾವಣೆಯಲ್ಲಿ, ಜನಸಂಖ್ಯೆ ಕರಗಿದ ತೆರುಯೆಲ್ ಪ್ರಾಂತ್ಯದ ಸ್ಥಳೀಯ ಸಂಘಟನೆಯೊಂದು ಸಂಸತ್ತಿನ ಕೆಳಮನೆಗೆ ತನ್ನ ಪ್ರತಿನಿಧಿಯನ್ನು ಕಳಿಸಿತು.